ಮೂಲೆಯ ಕಾಡಿಗೆ ಬೊಟ್ಟು

ನನ್ನ ಆ ಚಿತ್ರದ ಬಗ್ಗೆ ಯಾರು ಕೇಳಿದರೂ ಇಷ್ಟು ವರ್ಷ ನಾನು ಒಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ ಒಂದು ಕಪ್ಪು ಬೊಟ್ಟಿದೆ, ಅದರ ಸುತ್ತ ತುಪ್ಪದ ಹಳದಿ ಕಲೆ. ನೋಡಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಅವರು ಹೊಗಳುವುದೂ ಅದನ್ನೇ. ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನಿಜವೆಂದರೆ ಆ ಬೊಟ್ಟು ನನ್ನ ಕೈಯದಲ್ಲ. ಅದನ್ನು ಇಟ್ಟವಳು ನನ್ನ ಅವ್ವ. ಅವಳು ಇಡದೆ ಹೋಗಿದ್ದರೆ, ನಮ್ಮ ಮನೆಯವರನ್ನೆಲ್ಲ ಬಣ್ಣದಲ್ಲಿ ತೆಗೆದ ಆ ಚಿತ್ರದಲ್ಲಿ ಅವಳೊಬ್ಬಳಿಗೆ ಜಾಗವೇ ಇರುತ್ತಿರಲಿಲ್ಲ.

ಅವ್ವ ಬದುಕಿರುವ ತನಕ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈಗ ಅವಳೂ ಇಲ್ಲ, ಅಣ್ಣನೂ ಇಲ್ಲ. ಹೇಳದೆ ಹೋದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು ಅವು. ಪುಣೆಯ ಸದಾಶಿವ ಪೇಠೆಯಲ್ಲಿ, ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಮ್ಮ ಬಿಡಾರ: ಎರಡು ಖೋಲಿ, ಒಂದು ಅಡಿಗೆಮನೆ, ಏಣಿ ಹತ್ತಿದರೆ ಒಂದು ಅಟ್ಟ. ಅಪ್ಪ ಧಾರವಾಡ ಬಿಟ್ಟು ಬಂದು ದಂಡಿನ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಹೊಸ್ತಿಲೊಳಗೆ ಧಾರವಾಡದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಳದ ಹತ್ತಿರ ನಿಂತು ಒಂದೇ ಉಸಿರಿನಲ್ಲಿ ಅವ್ವನಿಗೆ ಕನ್ನಡದಲ್ಲಿ ಕೂಗಿ, ನೆರೆಯವಳ ಸಂಗಡ ಮರಾಠಿಯಲ್ಲಿ ಜಗಳ ಆಡುವುದು ನನಗೆ ಸಲೀಸು. ಜಗಳವೆಂದರೆ ನಾನು ಯಾವಾಗಲೂ ಮುಂದೆ. ಹದಿನೆಂಟು ವರ್ಷದ ಹುಡುಗಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅಜ್ಜಿ ಬೈಯುತ್ತಿದ್ದರು.

ಅಜ್ಜಿ ಎಂದರೆ ಅಪ್ಪನ ತಾಯಿ. ಮಡಿ ಎಂದರೆ ಮಡಿ. ಅವರ ಸುತ್ತ ಎರಡು ಮೊಳ ಯಾರೂ ಸುಳಿಯುವಂತಿರಲಿಲ್ಲ. ಅಣ್ಣ ಕಾಲೇಜು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಹೋಗಿ ಯೆರವಡಾ ಜೈಲಿನಲ್ಲಿದ್ದ. ಸರಕಾರದ ಸಂಬಳದ ಮೇಲೆ ಮನೆ ನಡೆಸುವ ಅಪ್ಪ ಅವನ ಹೆಸರು ಎತ್ತುತ್ತಿರಲಿಲ್ಲ. ಆದರೆ ಅವ್ವ ದಿನಾ ಊಟದ ಹೊತ್ತಿಗೆ ಅಣ್ಣನ ಮಣೆಯನ್ನು ಅದರ ಜಾಗದಲ್ಲಿ ಹಾಕುತ್ತಿದ್ದಳು. ಅಪ್ಪ ಬೇಡವೆನ್ನಲಿಲ್ಲ. ಹಾಕು ಎಂದೂ ಅನ್ನಲಿಲ್ಲ. ಆ ಖಾಲಿ ಮಣೆಯ ಪಕ್ಕದಲ್ಲಿ ಕೂತು, ಅದರ ಕಡೆ ನೋಡದೆ ಉಂಡು ಏಳುತ್ತಿದ್ದರು.

ನಾನು ವಾರಕ್ಕೆ ಎರಡು ಸಲ ಚಿತ್ರದ ಕ್ಲಾಸಿಗೆ ಹೋಗುತ್ತಿದ್ದೆ. ನಮ್ಮ ಗಲ್ಲಿಯ ತುದಿಯಲ್ಲಿ ವಯಸ್ಸಾದ ಮಾಸ್ತರರೊಬ್ಬರು ತಮ್ಮ ಮನೆಯ ಓಸರಿಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಹುಡುಗಿಯರಿಗೆ ಕಲಿಸುತ್ತಿದ್ದರು. ಮರಾಠಿಯವರಾದರೂ ಬೆಳಗಾವಿಯ ಶಾಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರಿಂದ ನನ್ನ ಹತ್ತಿರ ಕನ್ನಡದಲ್ಲೇ ಮಾತನಾಡುತ್ತಿದ್ದರು. ಉಳಿದ ಹುಡುಗಿಯರು ಕಮಲ, ಗಿಳಿ, ಹೂದಾನಿ ತೆಗೆಯುತ್ತಿದ್ದರು. ಮದುವೆಗೆ ಹೆಣ್ಣು ನೋಡಲು ಬಂದವರ ಮುಂದೆ ಕಟ್ಟು ಹಾಕಿಸಿ ತೋರಿಸಲಿಕ್ಕೆ ಅವು ಬೇಕಾಗುತ್ತಿದ್ದವು. ನಾನೂ ಒಂದು ಗಿಳಿ ತೆಗೆದಿದ್ದೆ. ಅದು ಕಾಗೆಗಿಂತ ಸ್ವಲ್ಪ ಹಸಿರಾಗಿತ್ತು, ಅಷ್ಟೇ.

ಒಂದು ದಿನ ಮಾಸ್ತರರು ವಿಲಾಯತಿಯಿಂದ ಯಾರೋ ತಂದುಕೊಟ್ಟ ಒಂದು ಪುಸ್ತಕ ತೆಗೆದು ತೋರಿಸಿದರು. ಅದರೊಳಗಿನ ಚಿತ್ರಗಳಿಗೆ ಮುಖವಿಲ್ಲ, ಕೈಕಾಲಿಲ್ಲ. ಬರೀ ಚೌಕ, ಗೆರೆ, ಬಣ್ಣದ ತುಂಡು. ನನಗೆ ಗಾಬರಿಯೇ ಆಯಿತು. ಇದಕ್ಕೂ ಚಿತ್ರ ಅನ್ನುತ್ತಾರೆಯೇ ಎಂದು ಕೇಳಿದೆ. ಅವರು ಒಂದು ಪುಟದ ಮೇಲೆ ಬೆರಳಿಟ್ಟು, "ಇದು ಗಂಡ ಹೆಂಡತಿ ಜಗಳಾ. ಮಂದೀನ್ನ ತೆಗೀಬೇಕಂತ ಏನಿಲ್ಲವಾ. ಮಂದಿ ನಡುವ ಏನ ಅದ, ಅದನ್ನ ತೆಗೀಬಹುದು" ಎಂದರು. ನಾನು ಆ ಪುಟವನ್ನು ಮತ್ತೆ ನೋಡಿದೆ. ಎರಡು ಕೆಂಪು ತುಂಡುಗಳ ನಡುವೆ ಒಂದು ಸಣ್ಣ ಸಂದು ಮಾತ್ರ ಇತ್ತು, ಆದರೂ ಅದು ಜಗಳವೇ ಎಂದು ನನಗೆ ಕಂಡುಬಿಟ್ಟಿತು. ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ.

ಆ ವರ್ಷ ಊರಿನ ಒಂದು ಶಾಲೆಯಲ್ಲಿ ಚಿತ್ರಗಳ ಪ್ರದರ್ಶನ ಇಡುವವರಿದ್ದರು. ಆಯ್ಕೆ ಮಾಡುವವರಲ್ಲಿ ನಮ್ಮ ಮಾಸ್ತರರೂ ಒಬ್ಬರು. ಅಪ್ಪ ನನ್ನನ್ನು ಕರೆದು, "ನಿನ್ನ ಚಿತ್ರ ಅವರು ತಗೊಂಡರ ಕ್ಲಾಸ್ ಮುಂದ ನಡೀಲಿ. ಇಲ್ಲಾಂದ್ರ ಇಷ್ಟಕ್ಕ ಸಾಕು, ವರಾ ನೋಡೂಣು" ಎಂದರು. ಅಪ್ಪನ ಮಾತೆಂದರೆ ಕಚೇರಿಯ ಹುಕುಮು ಇದ್ದಂತೆ, ಎರಡನೆಯ ಸಲ ಹೇಳುತ್ತಿರಲಿಲ್ಲ.

ಏನು ತೆಗೆಯಬೇಕೆಂಬುದು ಒಂದು ರವಿವಾರ ಮಧ್ಯಾಹ್ನ ಹೊಳೆಯಿತು. ಉಪ್ಪಿನಕಾಯಿ ಮುಗಿದಿತ್ತು. ಅವ್ವ ನನ್ನನ್ನು ಊಟದ ನಡುವೆ ಎಬ್ಬಿಸಿ, ಅಟ್ಟದ ಮೇಲಿನ ಭರಣಿಯಿಂದ ತೆಗೆದುಕೊಂಡು ಬಾ ಎಂದಳು. ಗೊಣಗುತ್ತ ಏಣಿ ಹತ್ತಿದೆ. ಅಟ್ಟದ ಅಂಚಿನಿಂದ ಕೆಳಗೆ ನೋಡಿದರೆ ಮುಖಗಳೇ ಇಲ್ಲ. ಅಪ್ಪನ ನುಣ್ಣನೆಯ ತಲೆ, ಮಣೆಗಳು, ತಾಟುಗಳು, ಪ್ರತಿಯೊಂದು ತಾಟಿನ ಸುತ್ತ ರಂಗೋಲಿಯ ಗೆರೆ. ಗೋಡೆಯ ಕಡೆ ಅಜ್ಜಿ, ಅವರ ಸುತ್ತ ಯಾರೂ ಮುಟ್ಟದ ಅಗಲವಾದ ಖಾಲಿ ನೆಲ. ಅಪ್ಪನ ಪಕ್ಕದಲ್ಲಿ ಅಣ್ಣನ ಬರಿದಾದ ಮಣೆ. ಎದುರಿಗೆ, ನಾನು ಬಿಟ್ಟುಬಂದ ನನ್ನ ಅರ್ಧ ಉಂಡ ತಾಟು. ಮೇಲಿನಿಂದ ನೋಡಿದಾಗ ಒಂದು ಸಂಗತಿ ಕಂಡಿತು: ಅಪ್ಪ ಸ್ವಲ್ಪ, ಬಹಳ ಸ್ವಲ್ಪ, ಆ ಖಾಲಿ ಮಣೆಯ ಕಡೆ ವಾಲಿ ಕೂತಿದ್ದರು. ಭರಣಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಕೆಳಗಿನಿಂದ ಅವ್ವ, "ಏನ ಉಪ್ಪಿನಕಾಯಿ ಹಾಕ್ಲಿಕತ್ತೀಯೇನು ಅಲ್ಲೆ?" ಎಂದು ಕೂಗಿದಳು.

ಮಾರನೆಯ ದಿನವೇ ಶುರು ಮಾಡಿದೆ. ಯುದ್ಧದ ಕಾಲ, ಒಳ್ಳೆಯ ಕಾಗದ ಸಿಗುವುದೇ ಕಷ್ಟ. ಮಾಸ್ತರರು ತಮ್ಮಲ್ಲಿದ್ದ ಒಂದು ದೊಡ್ಡ ಹಾಳೆ ಕೊಟ್ಟರು. ಪುಡಿ ಬಣ್ಣಕ್ಕೆ ಗೋಂದು ಕಲಸಿ ಹಚ್ಚಿದೆ. ಅಪ್ಪ ಒಂದು ದೊಡ್ಡ ಕಾವಿ ಬಣ್ಣದ ಚೌಕ, ಅಂಚುಗಳು ಚೂಪು, ಆದರೆ ಒಂದು ಬದಿ ಸ್ವಲ್ಪ ಬಾಗಿದ್ದು. ಆ ಬದಿಗೆ ಅಣ್ಣ: ಬರೀ ನೀಲಿ ಗೆರೆಯ ಒಂದು ಆಕಾರ, ಒಳಗೆ ಏನೂ ಇಲ್ಲ, ಕಾಗದವೇ. ಅಜ್ಜಿ ಸುಣ್ಣದ ಬಿಳಿ, ಸುತ್ತಲೂ ಖಾಲಿ. ನಾನು ಒಂದು ಹಸಿರು ತ್ರಿಕೋನ, ಅದರ ಮೊನೆ ನೆಟ್ಟಗೆ ಅಪ್ಪನ ಕಡೆಗೆ. ಬಲಗಡೆಯ ಕೆಳಮೂಲೆಯನ್ನು ಹಾಗೇ ಬಿಟ್ಟೆ. ಚಿತ್ರಕ್ಕೆ ಉಸಿರಾಡಲಿಕ್ಕೆ ಎಲ್ಲಾದರೂ ಜಾಗ ಬಿಡಬೇಕೆಂದು ಮಾಸ್ತರರು ಹೇಳಿಕೊಟ್ಟಿದ್ದರು.

ಮೂರು ವಾರ ಹಿಡಿಯಿತು. ಮುಗಿದಾಗ ನನಗೆ ನಾನೇ ದೊಡ್ಡ ಕಲಾವಿದೆ ಅನ್ನಿಸಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಯವರಿಗೆ ಏನೂ ತಿಳಿಯಲಿಲ್ಲ. ಅಪ್ಪ ಕನ್ನಡಕ ಏರಿಸಿ, "ಜಮಖಾನಿ ನಕ್ಷಾ ಏನು?" ಎಂದರು. ಅಜ್ಜಿ ದೂರದಿಂದಲೇ ನೋಡಿ, "ಹಪ್ಪಳಾ ಒಣಾಹಾಕಿದಂಗ ಅದ" ಎಂದರು. ಅವ್ವ ಮಾತ್ರ ಕೆಲಸದ ನಡುವೆ ಬಂದು ಬಂದು ನೋಡುತ್ತಿದ್ದಳು. ಒಂದು ದಿನ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಇದರಾಗ ಮಂದಿ ಇದ್ದಾರೇನ?"

"ನಿನಗ ತಿಳಿಯೂದಿಲ್ಲ ಬಿಡವಾ" ಎಂದೆ ನಾನು.

ಅವಳು ಹೂಂ ಎಂದು ಒಳಗೆ ಹೋದಳು. ಆ ಒಂದು ಮಾತನ್ನು ಇವತ್ತು ನೆನೆದರೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎರಡು ನಿಮಿಷ ಕೂತು ಹೇಳಿದ್ದರೆ ಎಲ್ಲ ಅಲ್ಲೇ ಬಯಲಾಗುತ್ತಿತ್ತು. ಆದರೆ ನನಗೇ ಗೊತ್ತಿರಲಿಲ್ಲವಲ್ಲ.

ಚಿತ್ರ ಒಪ್ಪಿಸುವ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತೇನೆ, ಬಲಗಡೆಯ ಮೂಲೆಯಲ್ಲಿ ಒಂದು ಕಪ್ಪು ಬೊಟ್ಟು. ಮೊದಲು ಯಾವುದೋ ಹುಳ ಕೂತಿದೆ ಎಂದುಕೊಂಡು ಊದಿದೆ. ಅದು ಏಳಲಿಲ್ಲ. ಬಗ್ಗಿ ನೋಡಿದೆ. ಕಾಡಿಗೆ. ತುಪ್ಪದ ದೀಪದ ಮೇಲೆ ಹಿಡಿದು, ತುಪ್ಪದಲ್ಲೇ ಕಲಸಿ ಅವ್ವ ಮನೆಯಲ್ಲಿ ಮಾಡುತ್ತಿದ್ದ ಕಾಡಿಗೆ. ತುಪ್ಪ ಆಗಲೇ ಕಾಗದದೊಳಗೆ ಇಳಿದು ಸುತ್ತ ಹರಡುತ್ತಿತ್ತು. ಕೂಸುಗಳ ಕೆನ್ನೆಗೆ, ಮದುಮಕ್ಕಳ ಅಂಗಾಲಿಗೆ ಇಡುವ ದೃಷ್ಟಿಬೊಟ್ಟನ್ನು ಅವ್ವ ನನ್ನ ಚಿತ್ರಕ್ಕೆ ಇಟ್ಟಿದ್ದಳು.

ನಾನು ಕಿರುಚಿದ್ದಕ್ಕೆ ವಾಡೆಯ ನಾಲ್ಕು ಮನೆಯವರು ಬಾಗಿಲಿಗೆ ಬಂದರು. ಅವ್ವ ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದಳು.

"ಏನ ಮಾಡಿದ್ಯವಾ ಇದು?"

"ಭಾಳ ಛಂದ ಆಗೇದ ಅಂತ..." ಅವಳ ಮುಖ ಬಿಳಿಚಿಕೊಂಡಿತು. "ನಾಕು ಮಂದಿ ನೋಡ್ತಾರ. ದೃಷ್ಟಿ ತಾಗಬಾರದಂತ ಹಚ್ಚಿದೆ. ಯಾರ ಬಣ್ಣಕ್ಕೂ ತಾಗಿಸಿಲ್ಲ, ಖಾಲಿ ಮೂಲ್ಯಾಗ ಹಚ್ಚೇನಿ."

"ನಿನಗ ಎಲ್ಲಾ ಅಡಿಗಿಮನೀನ! ನನ್ನ ಮೂರು ವಾರದ ಕೆಲಸಾ ಹಾಳ ಮಾಡಿದಿ. ಯಾಕ ಮುಟ್ಟಿದಿ? ನಿನಗ ಇದರಾಗ ಏನ ಕೆಲಸ ಇತ್ತು?"

ಅವಳು ಒಳಗೆ ಹೋಗಿ ಒಂದು ಹಿಡಿ ಜೋಳದ ಹಿಟ್ಟು ತಂದು ಕಲೆಯ ಮೇಲೆ ಉದುರಿಸಿದಳು, ಹಿಟ್ಟು ಜಿಡ್ಡು ಹೀರುತ್ತದೆ ಎಂದು. ಬಟ್ಟೆಯ ಜಿಡ್ಡಾಗಿದ್ದರೆ ಹೀರುತ್ತಿತ್ತೇನೋ. ನಾವಿಬ್ಬರೂ ನೆಲದ ಮೇಲೆ ಕೂತು ಆ ಹಿಟ್ಟನ್ನು ನೋಡುತ್ತ ಕಾದೆವು. ಆಮೇಲೆ ಅವಳೇ ಮೆಲ್ಲಗೆ ಊದಿದಳು. ಬೊಟ್ಟು ಹಾಗೇ ಇತ್ತು, ಮತ್ತಷ್ಟು ಕಪ್ಪಾಗಿ ಕಂಡಿತು. ಅಳುತ್ತಲೇ ಚಿತ್ರವನ್ನು ಸುತ್ತಿಕೊಂಡು ಮಾಸ್ತರರ ಮನೆಗೆ ಹೋದೆ. ಹಿಂದಿನಿಂದ ಅವ್ವ, "ಮೊಸರನ್ನಾ ತಿಂದು ಹೋಗು" ಎಂದಳು. ತಿರುಗಿ ನೋಡಲಿಲ್ಲ.

ಮಾಸ್ತರರು ಚಿತ್ರವನ್ನು ಗೋಡೆಗೆ ಆನಿಸಿ ದೂರ ನಿಂತು ನೋಡಿದರು. ನಾನು ಆ ಬೊಟ್ಟಿಗಾಗಿ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ಸುಮ್ಮನಿರಿಸಿದರು. "ಪಂಕ್ತಿ ಅಲ್ಲೇನು ಇದು? ಊಟದ ಪಂಕ್ತಿ, ಮ್ಯಾಲಿಂದ ನೋಡಿದ್ದು" ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಒಬ್ಬರಿಗಾದರೂ ತಿಳಿಯಿತಲ್ಲ! ಒಂದೊಂದಾಗಿ ತೋರಿಸಿದೆ: ಇದು ಅಪ್ಪ, ಇದು ಅಜ್ಜಿ, ಇದು ಜೈಲಿನಲ್ಲಿರುವ ಅಣ್ಣ, ಇದು ನಾನು. ಅಣ್ಣನ ಖಾಲಿ ಆಕಾರದ ಮುಂದೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಮೇಲೆ ಕೇಳಿದರು: "ಎಲ್ಲಾರೂ ಊಟಕ್ಕ ಕೂತಾರ. ಬಡಸವರು ಯಾರು?"

ನಾನು ಉತ್ತರ ಕೊಡಲು ಚಿತ್ರದ ಕಡೆ ತಿರುಗಿದೆ. ಒಂದೊಂದೇ ಎಣಿಸಿದೆ. ಕಾವಿ ಚೌಕ, ಬಿಳಿ, ನೀಲಿ ಗೆರೆ, ಹಸಿರು ತ್ರಿಕೋನ. ಮತ್ತೆ ಎಣಿಸಿದೆ. ನಾಲ್ಕು. ನಮ್ಮ ಮನೆಯಲ್ಲಿ ನಾವು ಐದು ಮಂದಿ. ನಾನು ಅವ್ವನನ್ನು ಬಿಟ್ಟಿದ್ದೆ. ಬೇಕೆಂದು ಬಿಟ್ಟಿದ್ದರೆ ಅದೊಂದು ಮಾತು. ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಮೂರು ವಾರ ದಿನವೂ ಆ ಕಾಗದದ ಮೇಲೆ ಬಗ್ಗಿ ಕೂತಿದ್ದೆ, ಅಪ್ಪನ ಮನಸ್ಸಿನೊಳಗೆ ಹೊಕ್ಕು ನೋಡಿದವಳಂತೆ ಒಂದು ಅಂಚನ್ನು ಬಾಗಿಸಿದ್ದೆ, ಜೈಲಿನಲ್ಲಿದ್ದವನಿಗೆ ಜಾಗ ಮಾಡಿದ್ದೆ. ಎರಡು ಹೊತ್ತು ನನ್ನ ತಾಟಿಗೆ ಅನ್ನ ಹಾಕುವವಳು ನೆನಪಿಗೇ ಬಂದಿರಲಿಲ್ಲ. ಅವಳಿಗೆ ಪಂಕ್ತಿಯಲ್ಲಿ ಮಣೆ ಇರಲಿಲ್ಲ, ಅದಕ್ಕೇ ನನ್ನ ಚಿತ್ರದಲ್ಲೂ ಇರಲಿಲ್ಲ.

"ಮನೀ ಮಂದಿ ಚಿತ್ರಾ, ತಾಯಿನೇ ಇಲ್ಲಾಂದ್ರ ನಾ ಇದನ್ನ ಹೆಂಗ ಕಳಸಲಿ?" ಎಂದರು ಮಾಸ್ತರರು. ಅವರಿಗೆ ನನ್ನ ಮೇಲೆ ಅನುಮಾನವಿರಲಿಲ್ಲ, ಎಲ್ಲೋ ಇರಬೇಕೆಂದು ಹುಡುಕುತ್ತಿದ್ದರು. ಅವರ ಕಣ್ಣು ಕೆಳಗಿಳಿಯುತ್ತ ಮೂಲೆಗೆ ಬಂತು. "ಅಡಿಗಿಮನಿ ಬಾಗಲಾ ಈ ಕಡೆ ಏನು?"

ಆ ಕಡೆಯೇ ಇತ್ತು.

"ಹೌದ್ರಿ" ಎಂದೆ. "ಅದು ಅವ್ವ."

ನನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ನಾನೇ ಬೆಚ್ಚಿಬಿದ್ದೆ. ಮಾಸ್ತರರು ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು. ಬಣ್ಣವಲ್ಲ, ಕಾಡಿಗೆ ಎಂದು ಗುರುತಿಸಿದರು. ದೃಷ್ಟಿಬೊಟ್ಟು! ಮೂಲೆಯಲ್ಲಿ ನಿಂತು ಮನೆಯವರಿಗೆಲ್ಲ ದೃಷ್ಟಿ ತಾಗದಂತೆ ಕಾಯುವವಳು! ಶಾಭಾಸ್, ಶಾಭಾಸ್ ಎಂದು ನನ್ನ ಬೆನ್ನು ತಟ್ಟಿದರು. ಒಂದು ಗಂಟೆಯ ಹಿಂದೆ ಅದೇ ಬೊಟ್ಟಿಗಾಗಿ ಅವ್ವನ ಮೇಲೆ ಕೂಗಾಡಿದ್ದವಳು ನಾನು. ಮನೆಗೆ ಹೋಗುವಾಗ ದಾರಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ನಾನು ಅವ್ವನಿಗೆ ಕೇಳಿದ ಮಾತೇ ಕಿವಿಯಲ್ಲಿತ್ತು, ನಿನಗೆ ಇದರಲ್ಲಿ ಏನು ಕೆಲಸವಿತ್ತು ಎಂದು.

ಚಿತ್ರ ಆಯ್ಕೆಯಾಯಿತು. ಅಪ್ಪ ಸುದ್ದಿ ಕೇಳಿ, "ಜಮಖಾನೀನೂ ತಗೋತಾರ ಅನ್ನು" ಎಂದು ನಕ್ಕರು, ಕ್ಲಾಸಿಗೆ ಅಪ್ಪಣೆ ಕೊಟ್ಟರು. ಅವ್ವ ದೇವರ ಮುಂದೆ ಸಕ್ಕರೆ ಇಟ್ಟು ಎಲ್ಲರಿಗೂ ಹಂಚಿದಳು. ನನ್ನ ಬಾಯಿಗೆ ಹಾಕುವಾಗ, "ನನ್ನ ಬೊಟ್ಟಿಂದ ಏನೂ ಕೆಡಲಿಲ್ಲಲಾ?" ಎಂದು ಅಂಜುತ್ತ ಕೇಳಿದಳು. ಇಲ್ಲವೆಂದೆ. ಹೇಳಿಬಿಡಲೇ ಅನ್ನಿಸಿತು. ಏನೆಂದು ಹೇಳುವುದು? ನಿನ್ನನ್ನು ಮರೆತಿದ್ದೆ, ನಿನ್ನ ಬೊಟ್ಟನ್ನೇ ನೀನೆಂದು ಹೇಳಿ ಪಾರಾದೆ ಎಂದೇ? ಸಕ್ಕರೆ ನುಂಗಿ ಹೊರಗೆ ಹೋದೆ.

ಆ ಮೇಲಿನ ದಿನಗಳಲ್ಲಿ ಊಟಕ್ಕೆ ಕೂತರೆ ನನ್ನ ಕಣ್ಣು ಅವ್ವನ ಮೇಲೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಮೊದಲ ಸಲ ನೋಡುತ್ತಿದ್ದೆ. ಅವಳು ಅಡಿಗೆಮನೆಯ ಬಾಗಿಲಿಂದ ಬರುತ್ತಾಳೆ, ಬಗ್ಗುತ್ತಾಳೆ, ಹಾಕುತ್ತಾಳೆ, ಹೋಗುತ್ತಾಳೆ. ನಾವೆಲ್ಲ ಎದ್ದ ಮೇಲೆ, ಅಪ್ಪ ಉಂಡ ತಾಟಿನಲ್ಲೇ ಉಳಿದದ್ದನ್ನು ಬಡಿಸಿಕೊಂಡು ಒಲೆಯ ಹತ್ತಿರ ನೆಲದ ಮೇಲೆ ಕೂತು ಉಣ್ಣುತ್ತಾಳೆ. ಗಂಡನ ತಾಟಿನಲ್ಲಿ ಉಣ್ಣುವುದು ಪುಣ್ಯವೆಂದು ನಮ್ಮಲ್ಲಿ ರೂಢಿ. ಅಂದರೆ ಆ ಮನೆಯಲ್ಲಿ ಅವಳದು ಎಂಬ ತಾಟು ಒಂದೂ ಇರಲಿಲ್ಲ. ಈ ಸಂಗತಿ ನನಗೆ ಹೊಳೆದದ್ದು ಹದಿನೆಂಟನೆಯ ವರ್ಷದಲ್ಲಿ.

ಪ್ರದರ್ಶನಕ್ಕೆ ಅವ್ವ ಬರಬಾರದು ಎಂದು ನಾನು ಏನೆಲ್ಲ ಮಾಡಿದೆ! ಹೊಳೆ ದಾಟಿ ಹೋಗಬೇಕು, ದೂರ ಎಂದೆ. ಗದ್ದಲ ಎಂದೆ. ಅಜ್ಜಿಯ ಫಳಾರಕ್ಕೆ ಯಾರು ಮಾಡುತ್ತಾರೆ ಎಂದೆ. ನನ್ನ ಅಂಜಿಕೆಯೇ ಬೇರೆ: ಅಲ್ಲಿ ಮಾಸ್ತರರು ಇರುತ್ತಾರೆ, ಬೊಟ್ಟಿನ ಅರ್ಥ ಹೇಳಿಯೇ ಹೇಳುತ್ತಾರೆ, ಬೊಟ್ಟು ಇಟ್ಟ ಕೈ ಯಾರದೆಂದು ಅಲ್ಲಿ ನನ್ನನ್ನು ಬಿಟ್ಟರೆ ಗೊತ್ತಿದ್ದವಳು ಇವಳೊಬ್ಬಳೇ. ಆದರೆ ಅವ್ವ ಎಂದೂ ಹಟ ಮಾಡದವಳು ಆ ದಿನ ಮಾಡಿದಳು. "ಬರೂ ರವಿವಾರ ನಿಮ್ಮಣ್ಣನ ಭೇಟಿ ಅದ. ಅಂವಾ ಕೇಳೇ ಕೇಳ್ತಾನ. ನಾ ನೋಡದ ಏನಂತ ಹೇಳಲಿ?" ಎಂದು ಪೆಟ್ಟಿಗೆಯಿಂದ ಇಳಕಲ್ಲಿನ ಸೀರೆ ತೆಗೆದಳು.

ಶಾಲೆಯ ದೊಡ್ಡ ಹಾಲಿನಲ್ಲಿ ಗೋಡೆಯ ತುಂಬ ಚಿತ್ರಗಳು. ಅವ್ವ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದಳು. ಒಂದು ಲಕ್ಷ್ಮಿಯ ಚಿತ್ರಕ್ಕೆ ಕೈ ಮುಗಿದಳು. ಒಂದು ಮಾವಿನಹಣ್ಣಿನ ಚಿತ್ರದ ಮುಂದೆ ನಿಂತು, ಇನ್ನೂ ನಾಲ್ಕು ದಿನ ಹುಲ್ಲಿನಲ್ಲಿ ಇಡಬೇಕಿತ್ತು ಎಂದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವಳ ಮೊಳಕೈ ಹಿಡಿದು ಬೇಗ ಬೇಗ ನಡೆಸುತ್ತಿದ್ದೆ, ಮಾಸ್ತರರು ಬರುವ ಮುಂಚೆ ಮುಗಿಸಿ ಹೊರಬೀಳಬೇಕೆಂದು. ನನ್ನ ಚಿತ್ರದ ಎದುರಿಗೆ ಬಂದೆವು. ಮಾಸ್ತರರು ಅಲ್ಲೇ ಇದ್ದರು, ಐದಾರು ಜನರಿಗೆ ಮರಾಠಿಯಲ್ಲಿ ವಿವರಿಸುತ್ತಿದ್ದರು.

ಅವ್ವನನ್ನು ಕಂಡು ಅವರ ಮುಖ ಅರಳಿತು. "ಬರ್ರಿ, ಬರ್ರಿ ತಾಯಿ! ನಿಮ್ಮ ಮಗಳು ಏನ ಮಾಡ್ಯಾಳ ನೋಡ್ರಿ. ಇವರು ನಿಮ್ಮ ಯಜಮಾನರು. ಇವರು ಅತ್ತೆಯವರು. ಇದು ಅಕೀನ. ಈ ಖಾಲಿ ಇದ್ದದ್ದು ನಿಮ್ಮ ಮಗಾ, ಯೆರವಡಾದಾಗ ಇದ್ದಾಂವ."

ಅವ್ವ ಉಸಿರು ಹಿಡಿದು ನೋಡುತ್ತಿದ್ದಳು. ನೀಲಿ ಗೆರೆಯ ಮೇಲೆ ಅವಳ ಕಣ್ಣು ನಿಂತಿತು. ಅಪ್ಪನ ಚೌಕ ಬಾಗಿದ ಕಡೆಗೆ ಹೋಯಿತು, ಮತ್ತೆ ಗೆರೆಗೆ ಬಂತು. ಅವಳಿಗೆ ಎಲ್ಲ ತಿಳಿಯುತ್ತಿದೆ ಎಂದು ನನಗೆ ಕಂಡಿತು. ತಿಳಿಯುವುದಿಲ್ಲ ಎಂದಿದ್ದೆನಲ್ಲ ನಾನು! ನಮ್ಮ ಮನೆಯಲ್ಲಿ ಆ ಚಿತ್ರ ಪೂರಾ ತಿಳಿಯಬಲ್ಲವಳು ಅವಳೊಬ್ಬಳೇ ಇದ್ದಳು. ಅವಳ ಕಣ್ಣು ಒಂದೊಂದೇ ಆಕಾರವನ್ನು ದಾಟಿ ಏನನ್ನೋ ಹುಡುಕತೊಡಗಿತು. ಏನನ್ನೆಂದು ನನಗೆ ಗೊತ್ತಿತ್ತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ.

"ಮತ್ತ ಇದು ನೀವು" ಎಂದರು ಮಾಸ್ತರರು, ಮೂಲೆಯ ಬೊಟ್ಟಿನ ಕಡೆ ಬೆರಳು ಮಾಡಿ. "ಇಡೀ ಚಿತ್ರಾ ಇದರ ಮ್ಯಾಲೆ ನಿಂತದ ನೋಡ್ರಿ. ಎಂಥಾ ವಿಚಾರ ಮಾಡ್ಯಾಳ ನಿಮ್ಮ ಮಗಳು!"

ಅವ್ವ ಬೊಟ್ಟನ್ನು ನೋಡಿದಳು. ತನ್ನದೇ ಬೆರಳಿನ ಗುರುತು. ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈಯಿಂದ ಏನೋ ಜಾರಿ ಬಿದ್ದವರ ಮುಖ ಇರುತ್ತದಲ್ಲ, ಹಾಗಿತ್ತು ಅವಳ ಮುಖ. ಸುತ್ತಲಿನ ಜನ ಅವಳ ಮಾತಿಗೆ ಕಾಯುತ್ತಿದ್ದರು.

"ಹೌದ್ರಿ ಮಾಸ್ತರ" ಎಂದಳು ಅವ್ವ. "ಅದು ನಾನಽ."

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. "ಸಣ್ಣಾಕಿ ಇದ್ದಾಗಿಂದ ಅಕೀ ಹಂಗಽ ರಿ, ಎಲ್ಲಾ ನೋಡ್ತಾಳ" ಎಂದೂ ಹೇಳಿದಳು. ಜನ ನಕ್ಕರು, ಯಾರೋ ನನಗೆ ಕಂಗ್ರಾಜ್ಯುಲೇಶನ್ಸ್ ಅಂದರು.

ಹಿಂದಿರುಗುವಾಗ ಟಾಂಗಾ ಬೇಡವೆಂದಳು, ನಡೆದೇ ಹೊರಟೆವು. ಸೇತುವೆಯ ಮೇಲೆ ಬಂದೆವು. ಕೆಳಗೆ ಮುಠಾ ನದಿಯಲ್ಲಿ ನೀರು ಕಡಿಮೆ ಇತ್ತು, ಅಗಸರು ಸೀರೆ ಒಣಗಿಸಿದ್ದರು. ಅವ್ವ ಕಟ್ಟೆಗೆ ಕೈ ಊರಿ ನಿಂತಳು.

"ನಾ ಬೊಟ್ಟ ಹಚ್ಚದಽ ಇದ್ದಿದ್ರ, ನಾ ಎಲ್ಲೆ ಇರ್ತಿದ್ದೆ?"

ಕೇಳಿದ್ದು ಬೈಗುಳದ ಧ್ವನಿಯಲ್ಲಲ್ಲ. ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದೀ ಎಂದು ಕೇಳುವ ಧ್ವನಿಯಲ್ಲೇ ಕೇಳಿದಳು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು. ನಾನು ಬಾಯಿ ತೆರೆದೆ. ಅಳು ಬಂತು. ಅವಳು ಸೆರಗಿನಿಂದ ನನ್ನ ಮೂಗು ಒರೆಸಿ, "ಹೋಗಲಿ ಬಿಡು. ಜೈಲಿನ್ಯಾಗ ಇದ್ದಾಂವಗ ಜಾಗಾ ಮಾಡಿದ್ಯಲಾ, ಅಷ್ಟ ಮಾಡಿದಿ" ಎಂದಳು. ಆಮೇಲೆ ಅಜ್ಜಿಯ ಫಳಾರಕ್ಕೆ ಹೊತ್ತಾಯಿತೆಂದು ದಡದಡ ನಡೆದಳು.

ಮರುದಿನ ರಾತ್ರಿ ಊಟಕ್ಕೆ ಮಣೆ ಹಾಕುವಾಗ ನಾನು ಅಟ್ಟದಿಂದ ಇನ್ನೊಂದು ಮಣೆ ಇಳಿಸಿ, ತೊಳೆದು, ನನ್ನ ಪಕ್ಕದಲ್ಲಿ ಹಾಕಿದೆ. ಅದರ ಮುಂದೆ ರಂಗೋಲಿಯ ಗೆರೆಯನ್ನೂ ಎಳೆದೆ. ಅಪ್ಪ ನೋಡಿ, ಯಾರು ಬರುವವರಿದ್ದಾರೆ ಎಂದರು. ನಾನು ಅಡಿಗೆಮನೆಯ ಬಾಗಿಲು ನೋಡುತ್ತ ಕೂತೆ. ಅವ್ವ ಅನ್ನದ ಬೋಗುಣಿ ಹಿಡಿದು ಬಂದಳು. ಮಣೆಯನ್ನು ನೋಡಿದಳು. ನನ್ನನ್ನು ನೋಡಿದಳು. ಅವಳು ಬಗ್ಗಿ ಬೋಗುಣಿಯನ್ನು ಆ ಮಣೆಯ ಮೇಲೆ ಇಟ್ಟಳು.

"ಛಲೋ ಆತು" ಎಂದಳು. "ಬೋಗುಣಿ ಇಡಲಿಕ್ಕೆ ಜಾಗಾ ಆತು. ಘಳಿಗಿಗೊಮ್ಮೆ ಒಳಗ ಓಡೂದು ತಪ್ಪಿತು."

ಅಲ್ಲಿಂದಲೇ ಎಲ್ಲರಿಗೂ ಬಡಿಸಿದಳು. ಕೂರು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಉಂಡೆ.

ರವಿವಾರ ನಾವಿಬ್ಬರೇ ಯೆರವಡಾಕ್ಕೆ ಹೋದೆವು. ಅಪ್ಪ ಬರುತ್ತಿರಲಿಲ್ಲ. ಭೇಟಿಯ ಖೋಲಿಯಲ್ಲಿ ಒಂದು ಉದ್ದ ಮೇಜು, ಆ ಕಡೆ ಅಣ್ಣ, ಈ ಕಡೆ ನಾವು, ಮೂಲೆಯಲ್ಲಿ ಒಬ್ಬ ಶಿಪಾಯಿ. ಅಣ್ಣ ಬಡವಾಗಿದ್ದ, ಗಡ್ಡ ಬಂದಿತ್ತು. ಕೂತ ಕೂಡಲೇ ಚಿತ್ರದ ಸುದ್ದಿ ಕೇಳಿದ. ಈಗ ಹೇಳುತ್ತಾಳೆ, ಅವನ ಮುಂದಾದರೂ ಮನಸ್ಸು ಬಿಚ್ಚುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಅನ್ನಿಸಿತು.

ಅವ್ವ ಮೇಜಿನ ಮೇಲೆ ಬೆರಳಿನಿಂದ ಚಿತ್ರ ತೆಗೆದು ತೋರಿಸತೊಡಗಿದಳು. ಒಂದು ಆಕಾರವೂ ತಪ್ಪಲಿಲ್ಲ. "ಇಲ್ಲೆ ನಿಮ್ಮಪ್ಪಾ, ದೊಡ್ಡದು, ಕಾವಿ ಬಣ್ಣದ್ದು. ಇದು ಅಜ್ಜಿ, ಸುತ್ತ ಎಲ್ಲಾ ಮಡಿ. ಇಲ್ಲೆ ನೀನು. ನಿಮ್ಮಪ್ಪಾ ನಿನ್ನ ಕಡೆ ವಾಲ್ಯಾರ ನೋಡು, ಇಷ್ಟ." ಅಣ್ಣ ಅವಳ ಬೆರಳನ್ನೇ ನೋಡುತ್ತಿದ್ದ. ಅಪ್ಪ ವಾಲಿದ್ದಾರೆ ಎಂದಾಗ ಆ ಜಾಗದ ಮೇಲೆ ತನ್ನ ಬೆರಳನ್ನೂ ಇಟ್ಟ. "ಇದು ತಂಗಿ, ಚೂಪ ಮೂಗಿನಾಕಿ."

"ಮತ್ತ ನೀನು?" ಅಣ್ಣ ಕೇಳಿದ. "ನಿನ್ನ ಎಲ್ಲೆ ತೆಗದಾಳವಾ?"

ಮೇಜಿನ ಮೇಲೆ ಅವಳ ಬೆರಳು ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ.

"ನನ್ನ?" ಎಂದಳು ಅವ್ವ. "ನನ್ನ ಎಲ್ಲಾರಕಿಂತ ಮೊದಲ ತೆಗದಾಳ."

ಅಣ್ಣ ನನ್ನ ಕಡೆ ನೋಡಿ ಬಾಯಿ ತುಂಬ ನಕ್ಕ. ಆ ನಗೆಯನ್ನು ನಾನು ಸುಳ್ಳು ಮಾಡುವಂತಿರಲಿಲ್ಲ, ಅವತ್ತೂ, ಆಮೇಲೂ. ಅವ್ವ ಡಬ್ಬಿಯ ಮುಚ್ಚಳ ತೆಗೆದು ಶೇಂಗಾದ ಉಂಡಿ ಅವನ ಮುಂದೆ ಸರಿಸಿದಳು. "ತಿನ್ನು, ಹೊತ್ತಾತು" ಎಂದಳು. ಒಂದು ಉಂಡಿಯನ್ನು ನನ್ನ ಕೈಗೂ ಇಟ್ಟಳು.